ಮೂರಕ್ಷರದ ಸಾಕ್ಷಿ: ವಿಡಿಯೊ ಗೇಮ್ ಪಾರ್ಲರಿನ ಕೊಲೆಯ ಕಥನವೊಂದರಲ್ಲಿ ಪ್ರಮಾಣದ ಪ್ರಶ್ನೆ

1. ಪ್ರವೇಶ

ಪತ್ತೇದಾರಿ ಸಾಹಿತ್ಯವನ್ನು ಕನ್ನಡ ವಿಮರ್ಶೆ ಬಹುಕಾಲ ತನ್ನ ಅಂಗಳದ ಹೊರಗೇ ನಿಲ್ಲಿಸಿಕೊಂಡು ಬಂದಿದೆ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನಂಥ ಪಾತ್ರಗಳು ಅಸಂಖ್ಯ ಓದುಗರಿಗೆ ಪುಸ್ತಕ ಹಿಡಿಯುವ ಅಭ್ಯಾಸವನ್ನು ಕಲಿಸಿದವೆಂಬುದನ್ನು ಎಲ್ಲರೂ ಒಪ್ಪುತ್ತಾರೆ. ಆದರೆ ಆ ಓದು ಯಾವ ಬಗೆಯ ವಿಚಾರಕ್ರಮವನ್ನು ಕಲಿಸಿತು, ಒಂದು ಸಂಗತಿ ನಿಜವೆಂದು ನಂಬಲು ಎಂಥ ಆಧಾರವನ್ನು ಕೇಳಬೇಕೆಂದು ಹೇಳಿಕೊಟ್ಟಿತು ಎಂಬ ಪ್ರಶ್ನೆಯನ್ನು ನಮ್ಮ ವಿಭಾಗಗಳಲ್ಲಿ ಕೇಳುವುದು ವಿರಳ. ಕೊಲೆಯ ಕಥೆಯೆಂಬುದು ಮೂಲತಃ ಸಾಕ್ಷಿಯ ಕಥೆ. ಯಾರು ಕಂಡರು, ಯಾರು ಹೇಳಿದರು, ಯಾವ ಗುರುತು ಉಳಿಯಿತು, ಆ ಗುರುತಿನಿಂದ ಏನನ್ನು ಊಹಿಸಬಹುದು ಎಂಬ ನಾಲ್ಕು ಪ್ರಶ್ನೆಗಳ ಸುತ್ತ ಅದರ ಹಂದರ ಹಬ್ಬುತ್ತದೆ. ಈ ಪ್ರಶ್ನೆಗಳು ನಮ್ಮ ಪ್ರಮಾಣಶಾಸ್ತ್ರಕ್ಕೆ ಚಿರಪರಿಚಿತವಾದವುಗಳೇ ಆಗಿವೆ.

ಪ್ರಸ್ತುತ ಲೇಖನವು ಈ ದೃಷ್ಟಿಯಿಂದ ಒಂದೇ ಒಂದು ಪಠ್ಯವನ್ನು ಓದಲು ಪ್ರಯತ್ನಿಸುತ್ತದೆ. ಅದು ಪುಸ್ತಕವಲ್ಲ, ಅಮೆರಿಕದ ಕಿರುತೆರೆ ಕಥನ. 'ದಿ ಎಕ್ಸ್ ಫೈಲ್ಸ್' ಧಾರಾವಾಹಿಯ ಮೂರನೆಯ ಸರಣಿಯಲ್ಲಿ, 1995ರ ಅಕ್ಟೋಬರಿನಲ್ಲಿ ಪ್ರಸಾರವಾದ 'ಡಿ.ಪಿ.ಒ.' ಎಂಬ ಕಂತು ಅದು. ಬರೆದವರು ಹೊವಾರ್ಡ್ ಗೋರ್ಡನ್, ನಿರ್ದೇಶಿಸಿದವರು ಕಿಮ್ ಮ್ಯಾನರ್ಸ್. ಕಥೆಯ ಮೊದಲ ಸಾವು ಸಂಭವಿಸುವುದು ವಿಡಿಯೊ ಆಟಗಳ ಅಂಗಡಿಯೊಂದರ ಬಾಗಿಲ ಬಳಿ. ಮೊದಲ ಸುಳಿವು ದೊರೆಯುವುದು ಆ ಅಂಗಡಿಯ ಒಂದು ಯಂತ್ರದ ತೆರೆಯ ಮೇಲೆ. ಇಂಥ ಅಂಗಡಿಗೆ ಇಂಗ್ಲಿಷಿನಲ್ಲಿ ಆರ್ಕೇಡ್ ಎಂದು ಹೆಸರು. ನಮ್ಮ ನಗರಗಳಲ್ಲಿ ಅದು ವಿಡಿಯೊ ಗೇಮ್ ಪಾರ್ಲರ್ ಎಂದೇ ಬಳಕೆಯಲ್ಲಿತ್ತು. ಯಂತ್ರದ ದಾಖಲೆಯು ವ್ಯಕ್ತಿಯ ಸಾನ್ನಿಧ್ಯವನ್ನು ಹೇಳಬಲ್ಲುದೇ ಹೊರತು ಅವನ ಕೃತ್ಯವನ್ನು ಹೇಳಲಾರದು; ಆ ಎರಡರ ನಡುವಿನ ಅಂತರವನ್ನು ಮನುಷ್ಯನ ಮಾತೇ ತುಂಬಬೇಕು ಎಂಬುದು ಈ ಪಠ್ಯದಿಂದ ಹೊರಡುವ ಮುಖ್ಯ ವಿಚಾರವೆಂದು ತೋರಿಸುವುದು ಲೇಖನದ ಉದ್ದೇಶ.

2. ಕೊಲೆಯ ಸ್ಥಳ: ಮುಚ್ಚಿದ ಕೋಣೆಯಿಂದ ಸಂತೆಯವರೆಗೆ

ಪತ್ತೇದಾರಿ ಕಥನದಲ್ಲಿ ಸ್ಥಳವೆಂಬುದು ಕೇವಲ ಹಿನ್ನೆಲೆಯಾಗಿರುವುದಿಲ್ಲ. ಎಡ್ಗರ್ ಅಲನ್ ಪೋ 1841ರಲ್ಲಿ ಪ್ರಕಟಿಸಿದ ರೂ ಮಾರ್ಗ್ ಬೀದಿಯ ಕೊಲೆಗಳ ಕಥೆಯಲ್ಲೇ ಒಳಗಿನಿಂದ ಭದ್ರವಾದ ಕೋಣೆ ಸಮಸ್ಯೆಯ ಕೇಂದ್ರವಾಗಿತ್ತು. ಮುಂದೆ ಇಂಗ್ಲೆಂಡಿನ ಲೇಖಕರ ಕೈಯಲ್ಲಿ ಆ ಕೋಣೆ ಹಳ್ಳಿಯ ಬಂಗಲೆಯಾಯಿತು, ಹಿಮದಲ್ಲಿ ಸಿಕ್ಕಿಕೊಂಡ ರೈಲಾಯಿತು, ದಡ ಕಾಣದ ದ್ವೀಪವಾಯಿತು. ಈ ಎಲ್ಲ ಸ್ಥಳಗಳ ಸಾಮಾನ್ಯ ಲಕ್ಷಣ ಆವರಣ. ಶಂಕಿತರ ಪಟ್ಟಿ ಮೊದಲೇ ಸಿದ್ಧವಾಗಿರುತ್ತದೆ; ಹೊರಗಿನವನು ಬಂದು ಹೋಗುವ ಸಾಧ್ಯತೆ ಇರುವುದಿಲ್ಲ. ಕವಿ ಡಬ್ಲ್ಯು. ಎಚ್. ಆಡೆನ್ 1948ರಲ್ಲಿ ಬರೆದ ಒಂದು ಪ್ರಸಿದ್ಧ ಪ್ರಬಂಧದಲ್ಲಿ, ಇಂಥ ಕಥೆಗಳ ಸ್ಥಳವು ಒಂದು ಬಗೆಯ ನಿರ್ದೋಷ ಲೋಕವಾಗಿರಬೇಕೆಂದೂ, ಶವವು ಅಲ್ಲಿಗೆ ಸಲ್ಲದ ವಸ್ತುವಾಗಿ ಕಾಣಿಸಬೇಕೆಂದೂ, ಅಪರಾಧಿಯೊಬ್ಬನನ್ನು ಹೊರಹಾಕುವ ಮೂಲಕ ಆ ಲೋಕ ಮತ್ತೆ ತನ್ನ ನಿರ್ದೋಷತೆಯನ್ನು ಪಡೆಯುತ್ತದೆಂದೂ ವಿವರಿಸಿದ್ದಾರೆ.

ಇದಕ್ಕೆ ಪ್ರತಿಯಾಗಿ ಇನ್ನೊಂದು ಪರಂಪರೆಯೂ ಇದೆ. ಪೋ 1840ರಲ್ಲೇ ಲಂಡನ್ನಿನ ಜನಜಂಗುಳಿಯಲ್ಲಿ ಒಬ್ಬ ಅಪರಿಚಿತನನ್ನು ಹಿಂಬಾಲಿಸುವ ಕಥೆಯನ್ನು ಬರೆದಿದ್ದನು. ಜರ್ಮನಿಯ ಚಿಂತಕ ವಾಲ್ಟರ್ ಬೆಂಜಮಿನ್ ಅದೇ ಕಥೆಯ ಜಾಡು ಹಿಡಿದು, ಮಹಾನಗರದ ಗುಂಪಿನಲ್ಲಿ ವ್ಯಕ್ತಿಯ ಹೆಜ್ಜೆಗುರುತು ಅಳಿಸಿಹೋಗುವುದೇ ಪತ್ತೇದಾರಿ ಕಥೆಯ ಮೂಲ ಸಾಮಾಜಿಕ ವಸ್ತುವೆಂದು ವಾದಿಸಿದನು. 1940ರಲ್ಲಿ ಅವನು ತೀರಿಕೊಂಡಾಗ ಅಪೂರ್ಣವಾಗಿ ಉಳಿದು 1982ರಲ್ಲಿ ಪ್ರಕಟವಾದ ಬೃಹತ್ ಕೃತಿಯ ವಸ್ತು ಪ್ಯಾರಿಸ್ಸಿನ ಆರ್ಕೇಡುಗಳೇ ಆಗಿದ್ದುದು ಇಲ್ಲಿ ಗಮನಾರ್ಹ. ಗಾಜಿನ ಮಾಡು ಹೊದಿಸಿದ, ಇಕ್ಕೆಲಗಳಲ್ಲಿ ಅಂಗಡಿಗಳಿದ್ದ ಆ ಓಣಿಗಳಲ್ಲಿ ಜನ ಕೊಳ್ಳುವುದಕ್ಕಿಂತ ಹೆಚ್ಚಾಗಿ ನೋಡುತ್ತ ಅಲೆಯುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಅದೇ ಹೆಸರು ಅಮೆರಿಕದಲ್ಲಿ ನಾಣ್ಯ ಹಾಕಿ ನೋಡುವ, ಕೇಳುವ, ಆಡುವ ಯಂತ್ರಗಳ ಅಂಗಡಿಗೆ ಅಂಟಿಕೊಂಡಿತು. 1972ರ 'ಪಾಂಗ್', 1978ರ 'ಸ್ಪೇಸ್ ಇನ್ವೇಡರ್ಸ್', 1980ರ 'ಪ್ಯಾಕ್‌ಮ್ಯಾನ್' ಆಟಗಳೊಂದಿಗೆ ಆ ಅಂಗಡಿ ವಿಡಿಯೊ ಆರ್ಕೇಡ್ ಆಯಿತು.

ಆದುದರಿಂದ ವಿಡಿಯೊ ಆರ್ಕೇಡಿನಲ್ಲಿ ಕೊಲೆಯ ಕಥೆಯನ್ನು ಇಡುವುದು ಹೊಸತನದ ಹಂಬಲದಿಂದ ಮಾಡಿದ ವಿಚಿತ್ರ ಆಯ್ಕೆಯಾಗಬೇಕಿಲ್ಲ. ಮೇಲಿನ ಎರಡು ಪರಂಪರೆಗಳು ಅಲ್ಲಿ ಸಂಧಿಸುತ್ತವೆ. ಆರ್ಕೇಡು ನಾಲ್ಕು ಗೋಡೆಗಳ ಮಂದ ಬೆಳಕಿನ ಕೋಣೆ. ಅದೇ ಸಮಯಕ್ಕೆ ನಾಣ್ಯವಿದ್ದ ಯಾರು ಬೇಕಾದರೂ ಹೆಸರು ಹೇಳದೆ ಒಳಬರಬಹುದಾದ ಸಂತೆ. ಇನ್ನೂ ಮುಖ್ಯವಾದ ಲಕ್ಷಣವೊಂದಿದೆ. ಬಂಗಲೆಯ ಊಟದ ಮೇಜಿನ ಸುತ್ತ ಕುಳಿತವರು ಒಬ್ಬರನ್ನೊಬ್ಬರು ನೋಡುತ್ತಿರುತ್ತಾರೆ. ಆರ್ಕೇಡಿನಲ್ಲಿ ನಿಂತವರ ಬೆನ್ನು ಒಬ್ಬರಿಗೊಬ್ಬರು, ಕಣ್ಣು ತೆರೆಗೆ. ಜನರಿದ್ದೂ ಪ್ರತ್ಯಕ್ಷದರ್ಶಿಗಳಿಲ್ಲದ ಸ್ಥಳವದು. ಅಲ್ಲಿ ಎಡೆಬಿಡದೆ ಗಮನಿಸುತ್ತಿರುವುದು ಯಂತ್ರ ಮಾತ್ರ, ಅದೂ ತಾನು ಎಣಿಸಲು ಕಲಿತದ್ದನ್ನಷ್ಟೇ.

3. ಕಥಾಸಾರ

ಅಮೆರಿಕದ ಓಕ್ಲಹೋಮ ರಾಜ್ಯದ ಕಾನರ್‌ವಿಲ್ ಎಂಬ ಸಣ್ಣ ಊರು. ರಾತ್ರಿಯ ಹೊತ್ತು ಆರ್ಕೇಡಿನಲ್ಲಿ ಜ್ಯಾಕ್ ಹ್ಯಾಮಂಡ್ ಎಂಬ ಯುವಕ 'ವರ್ಚುವ ಫೈಟರ್ 2' ಆಡುತ್ತಿರುತ್ತಾನೆ. ಸೆಗಾ ಕಂಪನಿ 1994ರಲ್ಲಿ ಹೊರತಂದ, ಇಬ್ಬರು ಮಲ್ಲರ ನಡುವಣ ಕಾಳಗದ ಆಟವದು. ಡೇರಿನ್ ಪೀಟರ್ ಆಸ್ವಾಲ್ಡ್ ಎಂಬ ಇನ್ನೊಬ್ಬ ಹುಡುಗ ಬಂದು ಆ ಆಟ ತನ್ನದೆಂದೂ ತಾನು ನಡುವೆ ಎದ್ದುಹೋಗಿದ್ದೆನೆಂದೂ ತಗಾದೆ ತೆಗೆಯುತ್ತಾನೆ. ಹ್ಯಾಮಂಡ್ ಅವನನ್ನು ತಳ್ಳುತ್ತಾನೆ. ಜೀರೊ ಎಂಬ ಅಡ್ಡಹೆಸರಿನ, ಅಂಗಡಿ ನೋಡಿಕೊಳ್ಳುವ ಹುಡುಗ ಏನಾಗಲಿದೆಯೆಂದು ಬಲ್ಲವನಂತೆ ಹ್ಯಾಮಂಡನನ್ನು ಎಚ್ಚರಿಸಲು ನೋಡುತ್ತಾನೆ. ವಿದ್ಯುತ್ತು ಹೋಗುತ್ತದೆ. ಹೊರಗೆ ಬಂದ ಹ್ಯಾಮಂಡ್ ತನ್ನ ಕಾರಿನೊಳಗೇ ವಿದ್ಯುದಾಘಾತಕ್ಕೆ ಸಿಕ್ಕಿ ಸಾಯುತ್ತಾನೆ.

ಕೇಂದ್ರ ತನಿಖಾ ಸಂಸ್ಥೆಯ ಅಧಿಕಾರಿಗಳಾದ ಮಲ್ಡರ್ ಮತ್ತು ಸ್ಕಲಿ ಊರಿಗೆ ಬರುತ್ತಾರೆ. ಸ್ಥಳೀಯ ಶೆರಿಫನ ಪ್ರಕಾರ ಇದು ಸಿಡಿಲಿನ ಸಾವು. ಊರಿನ ಬಳಿ ಸಿಡಿಲಿನ ಅಧ್ಯಯನಕ್ಕೆಂದೇ ಒಂದು ವೀಕ್ಷಣಾಲಯವಿದೆ. ಅಲ್ಲಿ ಸಿಡಿಲು ಬಡಿಯುವುದು ಅಪೂರ್ವವೇನಲ್ಲ. ಆದರೆ ಆ ಊರಿನಲ್ಲಿ ಸಿಡಿಲು ಬಡಿದ ಐವರಲ್ಲಿ ಬದುಕುಳಿದವನು ಡೇರಿನ್ ಒಬ್ಬನೇ. ಆರ್ಕೇಡಿಗೆ ಹೋದ ಅಧಿಕಾರಿಗಳಿಗೆ ಜೀರೊ ತಾನೇನನ್ನೂ ನೋಡಲಿಲ್ಲವೆನ್ನುತ್ತಾನೆ. ಆಗ ಮಲ್ಡರನ ಕಣ್ಣು ಯಂತ್ರದ ತೆರೆಯ ಮೇಲಿನ ಅತ್ಯಧಿಕ ಅಂಕಗಳ ಪಟ್ಟಿಯತ್ತ ಹೋಗುತ್ತದೆ. ಅಲ್ಲಿರುವುದು ಮೂರಕ್ಷರ: ಡಿ, ಪಿ, ಒ. ಕೊಲೆಯ ಹೊತ್ತಿನಲ್ಲಿ ಡೇರಿನ್ ಅಲ್ಲಿ ಆಡುತ್ತಿದ್ದನೆಂಬ ಊಹೆಗೆ ಅವನು ಬರುವುದು ಇದರಿಂದ.

ಮುಂದಿನ ಘಟನೆಗಳು ವೀಕ್ಷಕರಿಗೆ ತೆರೆದ ಪುಸ್ತಕ. ಸಿಡಿಲು ಬಡಿದ ಮೇಲೆ ಡೇರಿನನ ದೇಹಕ್ಕೆ ವಿದ್ಯುತ್ತನ್ನು ಆಳುವ ಶಕ್ತಿ ಬಂದಿದೆ. ಗ್ಯಾರೇಜಿನಲ್ಲಿ ಕೆಲಸ ಮಾಡುವ ಅವನು ತನ್ನ ಯಜಮಾನನ ಹೆಂಡತಿಯನ್ನು, ಹಿಂದೆ ತನಗೆ ಪಾಠ ಹೇಳಿದ್ದ ಶಿಕ್ಷಕಿಯನ್ನು, ಮನಸ್ಸಿನಲ್ಲೇ ಬಯಸುತ್ತಿರುತ್ತಾನೆ. ಯಜಮಾನನ ಹೃದಯವನ್ನು ತಾನೇ ನಿಲ್ಲಿಸಿ, ತಾನೇ ಕೈಯಿಟ್ಟು ಮತ್ತೆ ಮಿಡಿಯುವಂತೆ ಮಾಡಿ ಅವಳ ಮೆಚ್ಚುಗೆ ಗಳಿಸಲು ನೋಡುತ್ತಾನೆ. ತನ್ನ ಗುಟ್ಟನ್ನು ಬಿಟ್ಟುಕೊಟ್ಟನೆಂಬ ಶಂಕೆಯಿಂದ ಗೆಳೆಯ ಜೀರೊನನ್ನೂ ಆರ್ಕೇಡಿನ ಹೊರಗೇ ಕೊಲ್ಲುತ್ತಾನೆ. ಕೊನೆಯಲ್ಲಿ ಶೆರಿಫನೂ ಸಾಯುತ್ತಾನೆ, ಡೇರಿನ್ ಸೆರೆಯಾಗಿ ಮನೋವೈದ್ಯಕೀಯ ಆಸ್ಪತ್ರೆ ಸೇರುತ್ತಾನೆ. ಆದರೆ ವೈದ್ಯಕೀಯ ಪರೀಕ್ಷೆಗಳಲ್ಲಿ ಅವನು ಎಲ್ಲರಂತೆ ಸಾಮಾನ್ಯ ಮನುಷ್ಯ. ಅವನ ಮೇಲಿನ ಮೊಕದ್ದಮೆಯನ್ನು ಹೇಗೆ ಕಟ್ಟಬೇಕೆಂಬುದು ಸರ್ಕಾರಿ ವಕೀಲರಿಗೆ ತೋಚದ ಸ್ಥಿತಿಯಲ್ಲಿ ಕಥೆ ಮುಗಿಯುತ್ತದೆ.

ಕೊಲೆಗಾರ ಯಾರೆಂದು ಮೊದಲೇ ತಿಳಿಸಿ ಅವನನ್ನು ಹಿಡಿಯುವ ಬಗೆಯನ್ನೇ ಕುತೂಹಲವಾಗಿಸುವ ಈ ವಿಲೋಮ ವಿನ್ಯಾಸ ಹೊಸದಲ್ಲ. ಆರ್. ಆಸ್ಟಿನ್ ಫ್ರೀಮನ್ 1912ರ ತನ್ನ ಕಥಾಸಂಕಲನದಲ್ಲೇ ಅದನ್ನು ಬಳಸಿದ್ದನು. 'ಕೊಲಂಬೊ' ಧಾರಾವಾಹಿ ಅದನ್ನು ಮನೆಮಾತಾಗಿಸಿತು. ಆದರೆ ಅಲ್ಲೆಲ್ಲ ಕಡೆಗೆ ಅಪರಾಧ ಸಾಬೀತಾಗುತ್ತದೆ. 'ಡಿ.ಪಿ.ಒ.' ಆ ಸಮಾಧಾನವನ್ನು ಕೊಡುವುದಿಲ್ಲ. ವೀಕ್ಷಕರಿಗೆ ಪ್ರತ್ಯಕ್ಷವಾದದ್ದು ನ್ಯಾಯಾಲಯಕ್ಕೆ ಅನುಮಾನವಾಗಿಯೂ ದಕ್ಕುವುದಿಲ್ಲ.

4. ಪ್ರಮಾಣಗಳ ಪರೀಕ್ಷೆ

ಪ್ರತ್ಯಕ್ಷ, ಅನುಮಾನ, ಶಬ್ದ ಎಂಬ ಮೂರು ಪ್ರಮಾಣಗಳ ಬೆಳಕಿನಲ್ಲಿ ಈ ಕಥೆಯನ್ನು ನೋಡಿದರೆ ಅದರ ವಿನ್ಯಾಸ ಸ್ಪಷ್ಟವಾಗುತ್ತದೆ. ಪತ್ತೇದಾರಿ ಕಥೆ ಹುಟ್ಟುವುದೇ ಪ್ರತ್ಯಕ್ಷದ ಅಭಾವದಿಂದ. ತನಿಖೆ ಮಾಡುವವನು ಕೊಲೆಯನ್ನು ಕಂಡಿಲ್ಲ. ಆದುದರಿಂದ ಅವನು ಮೊದಲು ಕಂಡವರ ಮಾತಿಗೆ, ಎಂದರೆ ಶಬ್ದಪ್ರಮಾಣಕ್ಕೆ ಮೊರೆಹೋಗುತ್ತಾನೆ.

ಶಬ್ದವು ಪ್ರಮಾಣವಾಗಬೇಕಾದರೆ ಅದು ಆಪ್ತನ ಮಾತಾಗಿರಬೇಕೆಂಬುದು ನೈಯಾಯಿಕರ ನಿಯಮ. ಆಪ್ತನೆಂದರೆ ಇದ್ದುದನ್ನು ಇದ್ದಂತೆ ಬಲ್ಲವನು ಮತ್ತು ಬಲ್ಲದ್ದನ್ನು ಬಲ್ಲಂತೆ ಹೇಳುವವನು. ಈ ಎರಡು ಲಕ್ಷಣಗಳನ್ನು ಕಥೆ ಇಬ್ಬರು ವ್ಯಕ್ತಿಗಳ ನಡುವೆ ಹಂಚಿಬಿಟ್ಟಿದೆ. ಜೀರೊ ಬಲ್ಲ, ಆದರೆ ಹೇಳುವುದಿಲ್ಲ. ಶೆರಿಫ್ ಹೇಳುತ್ತಾನೆ, ಆದರೆ ಬಲ್ಲವನಲ್ಲ. ಮೊದಲನೆಯವನ ಮೌನಕ್ಕೆ ಸ್ನೇಹವೂ ಭಯವೂ ಕಾರಣ. ಎರಡನೆಯವನ ಮಾತಿಗೆ ಅಧಿಕಾರವೂ ಹಿಂದಿನ ಅನುಭವವೂ ಆಧಾರ. ಇಬ್ಬರೂ ಸುಳ್ಳರೆಂದು ಕಥೆ ಹೇಳುವುದಿಲ್ಲ. ಶೆರಿಫ್ ತನ್ನ ಊರನ್ನು ಚೆನ್ನಾಗಿ ಬಲ್ಲವನು. ಸಿಡಿಲಿನಿಂದ ಸತ್ತವನನ್ನು ಸಿಡಿಲೇ ಕೊಂದಿತೆನ್ನುವುದರಲ್ಲಿ ತರ್ಕದೋಷವಿಲ್ಲ. ಆ ಸಿಡಿಲಿಗೆ ಕರ್ತೃವೊಬ್ಬನಿರಬಹುದೆಂಬ ಕಲ್ಪನೆಗೆ ಅವನ ಲೋಕದಲ್ಲಿ ಸ್ಥಳವಿಲ್ಲವಷ್ಟೆ.

ಶಬ್ದ ವಿಫಲವಾದೆಡೆ ಅನುಮಾನ ತೊಡಗುತ್ತದೆ. ಅನುಮಾನಕ್ಕೆ ಲಿಂಗ ಬೇಕು, ಗುರುತು ಬೇಕು. ಕಥೆಯಲ್ಲಿ ಇಂಥ ಎರಡು ಗುರುತುಗಳಿವೆ. ಒಂದು, ಡೇರಿನ್ ರಾತ್ರಿ ಬಯಲಿನಲ್ಲಿ ನಿಂತು ಸಿಡಿಲನ್ನು ತನ್ನ ಮೇಲೆ ಕರೆದುಕೊಂಡಾಗ ಮರಳು ಕರಗಿ ಗಾಜಾಗಿ, ಅದರಲ್ಲಿ ಅಚ್ಚಾದ ಬೂಟಿನ ಗುರುತು. ಇನ್ನೊಂದು, ಯಂತ್ರದ ಪಟ್ಟಿಯಲ್ಲಿನ ಮೂರಕ್ಷರ. ಮೊದಲನೆಯದು ಷರ್ಲಾಕ್ ಹೋಮ್ಸನ ಕಾಲದಿಂದ ಬಂದ ಹೆಜ್ಜೆಗುರುತಿನ ಪರಂಪರೆಗೆ ಸೇರಿದ್ದು. ಅದು ತಾನಾಗಿ ಬಿದ್ದದ್ದು, ಬಿಟ್ಟವನಿಗೆ ಅರಿವಿಲ್ಲದ್ದು. ಎರಡನೆಯದರ ಸ್ವರೂಪ ಬೇರೆ. ಅದನ್ನು ಬಿಟ್ಟವನು ತಾನೇ, ತಿಳಿದೇ, ಹೆಮ್ಮೆಯಿಂದ ಬರೆದಿದ್ದಾನೆ.

ಅಂಕಪಟ್ಟಿಯ ಇತಿಹಾಸವನ್ನು ಇಲ್ಲಿ ಸ್ವಲ್ಪ ಗಮನಿಸಬೇಕು. 'ಸ್ಪೇಸ್ ಇನ್ವೇಡರ್ಸ್' ಆಟವು ಅತ್ಯಧಿಕ ಅಂಕವನ್ನು ತೆರೆಯ ಮೇಲೆ ಉಳಿಸುತ್ತಿತ್ತು, ಆದರೆ ಅದನ್ನು ಗಳಿಸಿದವರ ಗುರುತು ಆ ಸಂಖ್ಯೆಯ ಜೊತೆಗಿರಲಿಲ್ಲ. ಆಟಗಾರ ತನ್ನ ಹೆಸರಿನ ಮೂರು ಅಕ್ಷರಗಳನ್ನು ಅಂಕದ ಪಕ್ಕದಲ್ಲಿ ಬರೆಯುವ ಪದ್ಧತಿಯನ್ನು ಜನಪ್ರಿಯಗೊಳಿಸಿದ್ದು ಅಟಾರಿ ಕಂಪನಿಯ 1979ರ 'ಆಸ್ಟರಾಯ್ಡ್ಸ್'. ಆ ಯಂತ್ರದಲ್ಲಿ ವಿದ್ಯುತ್ತು ನಿಂತರೆ ಪಟ್ಟಿ ಅಳಿಸಿಹೋಗುತ್ತಿತ್ತು. ಆದರೂ ಅಂಗಡಿ ಮುಚ್ಚುವವರೆಗೆ ಅಪರಿಚಿತರ ನಡುವೆ ತನ್ನ ಹೆಸರು ಮೇಲಿರುವುದು ಆಡುವವರಿಗೆ ಸಾಕಷ್ಟು ದೊಡ್ಡ ಪ್ರಲೋಭನೆಯಾಗಿತ್ತು. ಅಜ್ಞಾತರ ಸಂತೆಯಲ್ಲಿ ಹೆಸರು ಉಳಿಸಿಕೊಳ್ಳುವ ಏಕೈಕ ಅವಕಾಶವದು. ಬೆಂಜಮಿನ್ ಹೇಳಿದ, ಗುರುತು ಅಳಿಸುವ ಗುಂಪಿನೊಳಗೇ ಗುರುತು ಬರೆಯುವ ಫಲಕವೊಂದು ಹೀಗೆ ಸ್ಥಾಪಿತವಾಯಿತು.

ಹಾಗಾದರೆ ಈ ಮೂರಕ್ಷರ ಲಿಂಗವೋ ಶಬ್ದವೋ? ಬರೆದವನು ಹೇಳಬಯಸಿದ್ದು ತಾನು ಗೆದ್ದೆನೆಂಬುದನ್ನು. ಆ ಮಟ್ಟಿಗೆ ಅದು ಶಬ್ದ, ಅದೂ ಯಂತ್ರವೇ ಪರೀಕ್ಷಿಸಿ ಒಪ್ಪಿದ ಸತ್ಯವಾಕ್ಯ. ಓದಿದ ಪತ್ತೇದಾರ ಅದರಿಂದ ತೆಗೆದದ್ದು ಬರೆದವನು ಅಲ್ಲಿದ್ದನೆಂಬ ಅರ್ಥವನ್ನು. ಆ ಮಟ್ಟಿಗೆ ಅದು ಲಿಂಗ. ಶಾಸನಗಳನ್ನು ಓದುವ ವಿದ್ವಾಂಸರಿಗೆ ಈ ಬಗೆಯ ಓದು ಹೊಸದಾಗಿರಲಾರದು. ಬರೆಸಿದವನು ತನ್ನ ದಾನವನ್ನೋ ವಿಜಯವನ್ನೋ ಸಾರಲು ಹೊರಟಿರುತ್ತಾನೆ. ಓದುವವರು ಅದರಲ್ಲಿ ಊರಿನ ಗಡಿ, ತೆರಿಗೆಯ ಹೆಸರು, ಲಿಪಿಯ ಕಾಲವನ್ನು ಹುಡುಕುತ್ತಾರೆ. ಬರೆದವನ ಆಶಯ ಒಂದು, ಓದಿದವನ ಪ್ರಯೋಜನ ಇನ್ನೊಂದು.

ಆದರೆ ಈ ಲಿಂಗದಿಂದ ಎಷ್ಟು ದೂರ ಹೋಗಬಹುದು? ಪಟ್ಟಿಯಲ್ಲಿ ಹೆಸರಿದೆ, ಆದುದರಿಂದ ಅವನು ಅಲ್ಲಿದ್ದನು ಎಂಬುದು ಒಪ್ಪಬಹುದಾದ ಊಹೆ. ಅಲ್ಲಿಯೂ ಒಂದು ತೊಡಕಿದೆ: ಯಾರು ಬೇಕಾದರೂ ಯಾರ ಅಕ್ಷರಗಳನ್ನಾದರೂ ಬರೆಯಬಹುದು. ಅದನ್ನು ಬದಿಗಿಟ್ಟರೂ, ಅಲ್ಲಿದ್ದನು, ಆದುದರಿಂದ ಕೊಂದನು ಎಂಬ ಮುಂದಿನ ಹೆಜ್ಜೆ ತರ್ಕಶಾಸ್ತ್ರದಲ್ಲಿ ಸವ್ಯಭಿಚಾರವೆಂಬ ಹೇತ್ವಾಭಾಸ. ಸಾಧ್ಯವಿಲ್ಲದ ಕಡೆಯಲ್ಲೂ ಆ ಹೇತು ಕಾಣಿಸಿಕೊಳ್ಳುತ್ತದೆ. ಜೀರೊ ಕೂಡ ಅಲ್ಲಿದ್ದನು, ಅವನು ಕೊಲ್ಲಲಿಲ್ಲ. ಗಾಜಾದ ಮರಳಿನ ಬೂಟಿನ ಗುರುತಿಗೂ ಇದೇ ಮಿತಿಯಿದೆ. ಎರಡು ಗುರುತುಗಳೂ ಸಾನ್ನಿಧ್ಯವನ್ನಷ್ಟೇ ಹೇಳುತ್ತವೆ. ಸಿಡಿಲಿಗೂ ಹುಡುಗನ ಕೋಪಕ್ಕೂ ನಡುವಣ ವ್ಯಾಪ್ತಿಯನ್ನು, ಎಂದರೆ ಹೊಗೆಗೂ ಬೆಂಕಿಗೂ ಇರುವಂಥ ಎಡೆಬಿಡದ ಸಂಬಂಧವನ್ನು, ನ್ಯಾಯಾಲಯದಲ್ಲಿ ಸ್ಥಾಪಿಸುವವರು ಯಾರೂ ಇಲ್ಲ. ಅದನ್ನು ಕಣ್ಣಾರೆ ಕಂಡು ಹೇಳಬಹುದಾಗಿದ್ದವನು ಜೀರೊ. ಅವನು ಮಾತಾಡಬಹುದೆಂಬ ಶಂಕೆಯೇ ಅವನ ಸಾವಿಗೆ ಕಾರಣವಾಯಿತು. ಹಾಗಾಗಿ ಕಥೆಯ ಎರಡನೆಯ ಕೊಲೆಯನ್ನು ಸಾಕ್ಷಿಯ ಕೊಲೆಯೆಂದೇ ಕರೆಯಬಹುದು. ಯಂತ್ರದ ಸಾಕ್ಷಿ ಸುರಕ್ಷಿತವಾಗಿ ಉಳಿಯುತ್ತದೆ. ಮನುಷ್ಯನ ಸಾಕ್ಷಿ ಹೋಗುತ್ತದೆ. ತನಿಖೆಯ ಸೋಲು ಅಲ್ಲಿಯೇ ನಿಶ್ಚಿತವಾಗುತ್ತದೆ.

5. ಯಂತ್ರದ ಮೇಲಿನ ಅಪವಾದ

ಕೊಲೆಗಾರ ಯಂತ್ರವಲ್ಲವೆಂಬುದು ಈ ಕಥೆಯ ಇನ್ನೊಂದು ವಿಶೇಷ. ಇದರ ಮಹತ್ವ ತಿಳಿಯಬೇಕಾದರೆ ಅಮೆರಿಕದಲ್ಲಿ ಆರ್ಕೇಡಿನ ಸುತ್ತ ಬೆಳೆದ ಭಯದ ಸಂಕಥನವನ್ನು ನೆನೆಯಬೇಕು. ಟೆಕ್ಸಾಸಿನ ಮೆಸ್ಕೀಟ್ ನಗರವು 17 ವರ್ಷದೊಳಗಿನವರು ಪೋಷಕರಿಲ್ಲದೆ ಇಂಥ ಯಂತ್ರಗಳಲ್ಲಿ ಆಡಬಾರದೆಂದು ಕಟ್ಟಳೆ ಮಾಡಿ, ಆ ವ್ಯಾಜ್ಯ ಅಲ್ಲಿನ ಸುಪ್ರೀಂ ಕೋರ್ಟಿನವರೆಗೆ ಹೋಗಿ 1982ರಲ್ಲಿ ತೀರ್ಪು ಬಂದಿತು. ಅದೇ ವರ್ಷ ಇಲಿನಾಯ್ ರಾಜ್ಯದ ಆರ್ಕೇಡೊಂದರಲ್ಲಿ 'ಬರ್ಜರ್ಕ್' ಆಡಿದ ಬಳಿಕ 18 ವರ್ಷದ ಯುವಕನೊಬ್ಬ ಕುಸಿದು ತೀರಿಕೊಂಡನು. ಶವಪರೀಕ್ಷೆಯಲ್ಲಿ ಅವನ ಹೃದಯದಲ್ಲಿ ಮೊದಲೇ ಗಾಯದ ಕಲೆ ಇದ್ದುದು ಕಂಡುಬಂದಿತು. ಹಾಗಿದ್ದರೂ ಆಟವೇ ಅವನನ್ನು ಕೊಂದಿತೆಂಬ ಮಾತು ಜನರ ಬಾಯಲ್ಲಿ ಉಳಿಯಿತು.

ಇಂಥ ಮಾತುಗಳ ಪರಾಕಾಷ್ಠೆ 'ಪಾಲಿಬಿಯಸ್' ಎಂಬ ಐತಿಹ್ಯ. 1981ರಲ್ಲಿ ಆರೆಗಾನ್ ರಾಜ್ಯದ ಪೋರ್ಟ್‌ಲೆಂಡ್ ನಗರದ ಆರ್ಕೇಡುಗಳಲ್ಲಿ ಈ ಹೆಸರಿನ ಆಟವೊಂದು ಕಾಣಿಸಿಕೊಂಡಿತೆಂದೂ, ಆಡಿದವರು ಬುದ್ಧಿಭ್ರಮಣೆಗೆ ಒಳಗಾದರೆಂದೂ, ಕಪ್ಪು ಉಡುಪಿನವರು ಬಂದು ಯಂತ್ರದಿಂದ ಮಾಹಿತಿ ಒಯ್ಯುತ್ತಿದ್ದರೆಂದೂ ಕಥೆ. ಅಂಥ ಯಂತ್ರವಿತ್ತೆಂಬುದಕ್ಕೆ ಯಾವ ಆಧಾರವೂ ದೊರೆತಿಲ್ಲ. ಅಚ್ಚಿನಲ್ಲಿ ಆ ಹೆಸರು ಹರಡಿದ್ದು 2003ರ ಆಟಗಳ ಪತ್ರಿಕೆಯೊಂದರಿಂದ. 1981ರಲ್ಲಿ ಆ ನಗರದ ಆರ್ಕೇಡಿನಲ್ಲಿ ಇಬ್ಬರು ಆಟಗಾರರು ಅಸ್ವಸ್ಥರಾದುದೂ, ಜೂಜಿನ ಶಂಕೆಯಿಂದ ಅಧಿಕಾರಿಗಳು ಆರ್ಕೇಡುಗಳ ಮೇಲೆ ದಾಳಿ ನಡೆಸಿದುದೂ ನಡೆದ ಸಂಗತಿಗಳು. ಬಿಡಿ ಸಂಗತಿಗಳಿಗೆ ಕಾರ್ಯಕಾರಣದ ನೂಲು ಪೋಣಿಸಿದಾಗ ಐತಿಹ್ಯವಾಯಿತು. ಗ್ರೀಕ್ ಇತಿಹಾಸಕಾರ ಪಾಲಿಬಿಯಸ್ ಕಣ್ಣಾರೆ ಕಂಡವರನ್ನು ಕೇಳದೆ ಇತಿಹಾಸ ಬರೆಯಬಾರದೆಂದು ಒತ್ತಿ ಹೇಳಿದವನು. ಯಾರೂ ಕಾಣದ ಯಂತ್ರಕ್ಕೆ ಅವನ ಹೆಸರೇ ಅಂಟಿಕೊಂಡಿರುವುದು ವಿಪರ್ಯಾಸ.

'ಡಿ.ಪಿ.ಒ.' ಈ ಅಪವಾದವನ್ನು ಬಳಸಿಕೊಳ್ಳದೆ ಬದಿಗಿಡುತ್ತದೆ. ಕಾದಾಟದ ಆಟ ಹುಡುಗನನ್ನು ಕೊಲೆಗಾರನನ್ನಾಗಿ ಮಾಡಿತೆಂಬ ಸುಲಭದ ಉತ್ತರ ಅಲ್ಲಿಲ್ಲ. ಅವನನ್ನು ಮನೆಯಲ್ಲಿ ತಾಯಿ ಲೆಕ್ಕಕ್ಕಿಟ್ಟಿಲ್ಲ, ಶಾಲೆ ಕೈಬಿಟ್ಟಿದೆ, ದುಡಿಯುವ ಜಾಗದಲ್ಲಿ ಅವನು ಕೂಲಿ. ಅವನ ಹೆಸರು ಎಲ್ಲರಿಗಿಂತ ಮೇಲಿರುವ ಜಾಗ ಊರಿನಲ್ಲಿ ಒಂದೇ, ಆ ಯಂತ್ರದ ತೆರೆ. ಅದರ ಮುಂದಿನಿಂದ ತನ್ನನ್ನು ತಳ್ಳಿದವನನ್ನು ಅವನು ಕೊಲ್ಲುತ್ತಾನೆ. ಕೃತ್ಯಕ್ಕೆ ಇದು ಸಮರ್ಥನೆಯಾಗಲಾರದು. ಆದರೆ ತನಿಖೆಗೆ ಸುಳಿವಾದ ಅಕ್ಷರಗಳೇ ಕೊಲೆಗೆ ಕಾರಣವನ್ನೂ ಹೇಳುತ್ತವೆಂಬುದು ಕಥಾವಿನ್ಯಾಸದ ಗಟ್ಟಿತನಕ್ಕೆ ಸಾಕ್ಷಿ. ಆಡೆನ್ ಹೇಳಿದ ನಿರ್ದೋಷ ಲೋಕದ ಮಾದರಿ ಇಲ್ಲಿ ಹೊಂದುವುದಿಲ್ಲ. ಒಬ್ಬನನ್ನು ಹೊರಹಾಕಿದ ಮಾತ್ರಕ್ಕೆ ಕಾನರ್‌ವಿಲ್ ನಿರ್ದೋಷವಾಗುವುದಿಲ್ಲ. ಅವನನ್ನು ಹೊರಗಿಟ್ಟೇ ಅದು ಮೊದಲಿನಿಂದ ಬದುಕುತ್ತಿತ್ತು.

6. ನಮ್ಮ ನೆಲದ ಎರಡು ದಾಖಲೆಗಳು

ಈ ಕಂತು ಪ್ರಸಾರವಾದ 1995ರಲ್ಲೇ ನಮ್ಮ ಸುಪ್ರೀಂ ಕೋರ್ಟು ಎಂ.ಜೆ. ಶಿವಾನಿ ಮತ್ತು ಕರ್ನಾಟಕ ರಾಜ್ಯದ ನಡುವಣ ಪ್ರಕರಣದಲ್ಲಿ ತೀರ್ಪಿತ್ತಿತು. ವಿಡಿಯೊ ಗೇಮ್ ಪಾರ್ಲರುಗಳಿಗೆ ಪರವಾನಗಿ ಬೇಕೇ, ಅಲ್ಲಿನ ಆಟ ಕೌಶಲದ್ದೋ ಅದೃಷ್ಟದ್ದೋ ಎಂಬುದು ಅಲ್ಲಿನ ಪ್ರಶ್ನೆ. ಸಾರ್ವಜನಿಕ ಮನರಂಜನಾ ಸ್ಥಳಗಳ ನಿಯಂತ್ರಣಕ್ಕೆಂದು ಬೆಂಗಳೂರು ನಗರಕ್ಕೆ 1989ರಲ್ಲಿ ಮಾಡಿದ ಆದೇಶದ ಅಡಿಯಲ್ಲಿ ಇಂಥ ಅಂಗಡಿಗಳನ್ನು ಪರವಾನಗಿಗೆ ಒಳಪಡಿಸಬಹುದೆಂದು ನ್ಯಾಯಾಲಯ ಎತ್ತಿಹಿಡಿಯಿತು. ಯಂತ್ರ ತೋರಿಸುವ ಗೆಲುವು ಆಡಿದವನ ಕೈಚಳಕದ ಗುರುತೇ, ಅಥವಾ ಯಂತ್ರದೊಳಗಿನ ಏರ್ಪಾಟಿನ ಫಲವೇ ಎಂಬುದು ಆ ವ್ಯಾಜ್ಯದ ತಿರುಳು. ತೆರೆಯ ಮೇಲಿನ ಅಂಕವನ್ನು ಯಾವುದರ ಲಿಂಗವೆಂದು ಓದಬೇಕೆಂಬ ಪ್ರಶ್ನೆಯೇ ಅದು. ದೂರದ ಓಕ್ಲಹೋಮದ ಕಲ್ಪಿತ ಅಂಗಡಿಯಲ್ಲಿ ಪತ್ತೇದಾರ ಎದುರಿಸಿದ ಪ್ರಶ್ನೆಯನ್ನು ನಮ್ಮ ನ್ಯಾಯಾಲಯ ಬೇರೆ ಸಂದರ್ಭದಲ್ಲಿ ಎದುರಿಸಿತ್ತೆಂಬುದು ತೌಲನಿಕ ಅಧ್ಯಯನಕ್ಕೆ ಉಪಯುಕ್ತವಾದ ಸಂಗತಿ.

ಎರಡನೆಯದು ಸಾಕ್ಷ್ಯದ ಕಾನೂನು. ವಿದ್ಯುನ್ಮಾನ ದಾಖಲೆಗಳನ್ನು ಸಾಕ್ಷ್ಯವಾಗಿ ಸ್ವೀಕರಿಸುವ 65ಬಿ ಕಲಮನ್ನು ಮಾಹಿತಿ ತಂತ್ರಜ್ಞಾನ ಕಾಯಿದೆ, 2000 ಭಾರತೀಯ ಸಾಕ್ಷ್ಯ ಕಾಯಿದೆಗೆ ಸೇರಿಸಿತು. ಯಂತ್ರದ ದಾಖಲೆಯ ಪ್ರತಿಯನ್ನು ಹಾಜರುಪಡಿಸುವಾಗ ಅದರ ಬಗ್ಗೆ ಹೊಣೆಗಾರ ವ್ಯಕ್ತಿಯೊಬ್ಬನ ಪ್ರಮಾಣಪತ್ರ ಇರಬೇಕೆಂಬುದು ಅದರ ಷರತ್ತು. ಈ ಷರತ್ತು ಕಡ್ಡಾಯವೆಂದು ಸುಪ್ರೀಂ ಕೋರ್ಟು 2014ರಲ್ಲಿ ಹೇಳಿ, 2020ರಲ್ಲಿ ಮತ್ತೆ ದೃಢಪಡಿಸಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 63ನೆಯ ಕಲಮು ಇದನ್ನು ಉಳಿಸಿಕೊಂಡು, ತಜ್ಞನ ಪ್ರಮಾಣೀಕರಣವನ್ನೂ ಸೇರಿಸಿದೆ. ಯಂತ್ರ ತಾನಾಗಿ ಸಾಕ್ಷಿ ನುಡಿಯಲಾರದು, ಅದರ ಪರವಾಗಿ ಹೆಸರು ಹೇಳಿ ಸಹಿ ಹಾಕುವ ಒಬ್ಬ ಆಪ್ತ ಬೇಕು ಎಂಬುದು ಈ ವಿಧಿಗಳ ಅಂತರಾರ್ಥ. ಜೀರೊನ ಮೌನದಿಂದ ಕಥೆ ತೋರಿಸಿದ ಕೊರತೆಯನ್ನು ಕಾನೂನು ವಿಧಿಯ ರೂಪದಲ್ಲಿ ಗುರುತಿಸಿದೆ ಎನ್ನಬಹುದು.

7. ಉಪಸಂಹಾರ

ಇಂದು ಊರಿನ ಚೌಕದ ಕ್ಯಾಮೆರಾ, ಕೈಯಲ್ಲಿನ ಮೊಬೈಲು, ಹಣ ಪಾವತಿಯ ಪಟ್ಟಿ ಇವೆಲ್ಲವೂ ನಮ್ಮ ಸಾನ್ನಿಧ್ಯವನ್ನು ದಾಖಲಿಸುತ್ತಿವೆ. ಅಂದು ಆರ್ಕೇಡಿನಲ್ಲಿ ಆಟಗಾರನು ಬಯಸಿ ಬರೆದ ಮೂರಕ್ಷರವನ್ನು ಇಂದು ನಮ್ಮಿಂದ ಕೇಳದೆಯೇ ಬರೆಯಲಾಗುತ್ತಿದೆ. ಅಲ್ಲಿದ್ದವನೇ ಮಾಡಿದವನೆಂದು ತಟ್ಟನೆ ತೀರ್ಮಾನಿಸುವ ಅಭ್ಯಾಸ ಸುದ್ದಿಯಲ್ಲಿ, ಮಾತಿನಲ್ಲಿ ಬೇರೂರುತ್ತಿರುವಾಗ ಸಾನ್ನಿಧ್ಯಕ್ಕೂ ಕೃತ್ಯಕ್ಕೂ ನಡುವಣ ಅಂತರವನ್ನು ಕಾಯುವ ಓದು ನಾಗರಿಕ ಅಗತ್ಯವಾಗಿದೆ. ಅಂಥ ಓದನ್ನು ಕಲಿಸಲು ಪತ್ತೇದಾರಿ ಕಥನ ಸಮರ್ಥವಾದ ಪಠ್ಯವೆಂಬುದು ಪ್ರಸ್ತುತ ಅಧ್ಯಯನದ ನಿಲುವು.

ಕನ್ನಡ ಪತ್ತೇದಾರಿ ಕಾದಂಬರಿಗಳನ್ನು ಈ ನೆಲೆಯಿಂದ ಓದುವ ಕೆಲಸ ಆಗಬೇಕಾಗಿದೆ. ಅವುಗಳಲ್ಲಿ ಸುಳಿವು ಯಾರ ಮಾತಿನಿಂದ ಬರುತ್ತದೆ, ಯಾವ ಕುರುಹಿನಿಂದ ಬರುತ್ತದೆ, ಆಳಿನ ಮಾತಿಗೂ ಯಜಮಾನನ ಮಾತಿಗೂ ಪತ್ತೇದಾರ ಒಂದೇ ಬೆಲೆ ಕೊಡುತ್ತಾನೆಯೇ, ಹೆಂಗಸರ ಸಾಕ್ಷ್ಯ ಎಲ್ಲಿ ನಿಲ್ಲುತ್ತದೆ, ಅಪರಾಧ ಸಾಬೀತಾಗುವುದು ಅನುಮಾನದಿಂದಲೋ ಅಪರಾಧಿಯ ತಪ್ಪೊಪ್ಪಿಗೆಯಿಂದಲೋ ಎಂಬ ಪ್ರಶ್ನೆಗಳನ್ನು ಹಿಡಿದು ಒಂದೊಂದು ಕಾದಂಬರಿಯನ್ನೂ ಪರಿಶೀಲಿಸಬಹುದು. ಸ್ನಾತಕೋತ್ತರ ತರಗತಿಯಲ್ಲಿ ಒಂದು ಕಾದಂಬರಿಯ ಕೊನೆಯ ಅಧ್ಯಾಯವನ್ನು ತಡೆಹಿಡಿದು, ಅಲ್ಲಿಯವರೆಗಿನ ಆಧಾರಗಳನ್ನು ಶಬ್ದ, ಲಿಂಗ, ಹೇತ್ವಾಭಾಸ ಎಂದು ವಿದ್ಯಾರ್ಥಿಗಳಿಂದಲೇ ವಿಂಗಡಿಸಿದರೆ ಪ್ರಮಾಣಶಾಸ್ತ್ರವೂ ಕಥನಶಾಸ್ತ್ರವೂ ಒಂದೇ ಮೇಜಿನ ಮೇಲೆ ಬಂದಂತಾಗುತ್ತದೆ. ಆ ವಿಂಗಡಣೆಯಲ್ಲಿ ಯಾವ ಆಧಾರವೂ ಕೃತ್ಯವನ್ನು ಮುಟ್ಟದೆ ಸಾನ್ನಿಧ್ಯದಲ್ಲೇ ನಿಂತರೆ, ಲೇಖಕ ಕೊನೆಯ ಅಧ್ಯಾಯದಲ್ಲಿ ಆ ಅಂತರವನ್ನು ಹೇಗೆ ದಾಟಿದನೆಂಬುದನ್ನು ಅಲ್ಲಿಂದಲೇ ಕೇಳತೊಡಗಬಹುದು.